ಹೊಟ್ಟೆಯ ಅಲ್ಟ್ರಾಸೌಂಡ್ ವರದಿ: ಕಂಡದ್ದು, ಕಾಣದೆ ಉಳಿದದ್ದು ಮತ್ತು ಮುಂದಿನ ಸ್ಕ್ಯಾನ್‌ನ ಆಯ್ಕೆ

ಹೊಟ್ಟೆಯ ಅಲ್ಟ್ರಾಸೌಂಡ್ ವರದಿ ಕೈಗೆ ಬಂದಾಗ ಹೆಚ್ಚಿನವರು ಮೊದಲು ಓದುವುದು ಕೊನೆಯಲ್ಲಿರುವ ‘ಇಂಪ್ರೆಶನ್’ ಎಂಬ ಭಾಗವನ್ನು. ಅಲ್ಲಿ ಫ್ಯಾಟಿ ಲಿವರ್ ಎಂದೋ, ಕಿಡ್ನಿಯಲ್ಲಿ ಸಿಸ್ಟ್ (ದ್ರವ ತುಂಬಿದ ಚೀಲ) ಎಂದೋ, ಪಿತ್ತಕೋಶದಲ್ಲಿ ಪಾಲಿಪ್ (ಗೋಡೆಯಿಂದ ಒಳಕ್ಕೆ ಚಾಚಿದ ಉಬ್ಬು) ಎಂದೋ ಇದ್ದರೆ ಮನಸ್ಸು ಕಳವಳಗೊಳ್ಳುತ್ತದೆ; ‘ಗಮನಾರ್ಹ ದೋಷ ಕಂಡುಬಂದಿಲ್ಲ’ ಎಂದಿದ್ದರೆ ನಿರಾಳವಾಗುತ್ತದೆ. ಆ ಕಳವಳವೂ ಈ ನಿರಾಳವೂ ಎಷ್ಟೋ ಸಲ ಅವಸರದ್ದಾಗಿರುತ್ತವೆ. ವರದಿಯಲ್ಲಿ ಹೆಸರಿಸಿದ ಹಲವು ಸಂಗತಿಗಳಿಗೆ ಮುಂದಿನ ಯಾವ ಪರೀಕ್ಷೆಯೂ ಬೇಕಿರುವುದಿಲ್ಲ, ಹಾಗೆಯೇ ನಿರ್ದೋಷವೆಂದು ಬರೆದ ವರದಿಯ ನಂತರವೂ ಕೆಲವರಿಗೆ ಅದೇ ದಿನ ಸಿ.ಟಿ. ಸ್ಕ್ಯಾನ್ ಆಗಲೇಬೇಕಾಗುತ್ತದೆ. ಎರಡರ ನಡುವೆ ವ್ಯತ್ಯಾಸ ಮಾಡಲು ಒಂದೇ ಪ್ರಶ್ನೆಯನ್ನು ಬಿಡದೆ ಹಿಡಿದುಕೊಳ್ಳಬೇಕು: ಈ ಅಲ್ಟ್ರಾಸೌಂಡ್ ಯಾವ ಸಂದೇಹವನ್ನು ಬಗೆಹರಿಸದೆ ಬಿಟ್ಟಿದೆ? ಮುಂದಿನ ಸ್ಕ್ಯಾನ್ ಯಾವುದು ಎಂಬುದು ಆ ಉಳಿದ ಸಂದೇಹದಿಂದ ಹುಟ್ಟಬೇಕೇ ಹೊರತು, ಯಾವ ಯಂತ್ರ ಹೆಚ್ಚು ದೊಡ್ಡದು ಅಥವಾ ಹೊಸದು ಎಂಬುದರಿಂದ ಅಲ್ಲ.

ಇದನ್ನು ಅರ್ಥಮಾಡಿಕೊಳ್ಳಲು ಅಲ್ಟ್ರಾಸೌಂಡ್ ನಿಜವಾಗಿ ಏನನ್ನು ನೋಡುತ್ತದೆ ಎಂದು ತಿಳಿದಿರಬೇಕು. ಹೊಟ್ಟೆಯ ಪರೀಕ್ಷೆಗೆ ಸಾಮಾನ್ಯವಾಗಿ 2ರಿಂದ 5 ಮೆಗಾಹರ್ಟ್ಸ್ ಆವರ್ತನದ ಶಬ್ದತರಂಗಗಳನ್ನು ಬಳಸುತ್ತಾರೆ. ಮೃದು ಅಂಗಾಂಶದಲ್ಲಿ ಶಬ್ದ ಸೆಕೆಂಡಿಗೆ 1540 ಮೀಟರ್ ವೇಗದಲ್ಲಿ ಸಾಗುತ್ತದೆ ಎಂದು ಯಂತ್ರ ಇಟ್ಟುಕೊಳ್ಳುತ್ತದೆ, ಪ್ರತಿಧ್ವನಿ ಮರಳಿ ಬರಲು ಹಿಡಿದ ಸಮಯದಿಂದ ಆಳವನ್ನು ಲೆಕ್ಕ ಹಾಕುತ್ತದೆ, ಪ್ರತಿಧ್ವನಿಯ ಬಲವನ್ನು ಬೂದು ಬಣ್ಣದ ಛಾಯೆಗಳಾಗಿ ತೋರಿಸುತ್ತದೆ. ಶುದ್ಧ ದ್ರವದಿಂದ ಪ್ರತಿಧ್ವನಿ ಬರುವುದಿಲ್ಲವಾದ್ದರಿಂದ ಅದು ಕಪ್ಪಾಗಿ ಕಾಣುತ್ತದೆ. ವರದಿಯಲ್ಲಿ ಅದಕ್ಕೆ ‘ಅನೆಕೋಯಿಕ್’ ಎಂದು ಬರೆದಿರುತ್ತಾರೆ. ಸುತ್ತಲಿನ ಅಂಗಾಂಶಕ್ಕಿಂತ ಗಾಢವಾಗಿ ಕಂಡದ್ದು ‘ಹೈಪೋಎಕೋಯಿಕ್’, ಬೆಳ್ಳಗೆ ಕಂಡದ್ದು ‘ಹೈಪರ್‌ಎಕೋಯಿಕ್’. ಈ ಮೂರೂ ಬಣ್ಣದ ವರ್ಣನೆಗಳೇ ಹೊರತು ರೋಗದ ಹೆಸರುಗಳಲ್ಲ. ಲಿವರ್‌ನಲ್ಲಿರುವ ಒಂದು ಬೆಳ್ಳನೆಯ ಮಚ್ಚೆ ರಕ್ತನಾಳಗಳ ನಿರುಪದ್ರವಿ ಗಂಟಾಗಿರಬಹುದು, ಒಂದೆಡೆ ಸೇರಿದ ಕೊಬ್ಬಾಗಿರಬಹುದು, ಬೇರೆ ಅಂಗದಿಂದ ಹರಡಿದ ಕ್ಯಾನ್ಸರ್ ಕೂಡ ಆಗಿರಬಹುದು.

ಬಣ್ಣದಷ್ಟೇ ಮುಖ್ಯವಾದದ್ದು ಆ ವಸ್ತುವಿನ ಹಿಂಬದಿಯಲ್ಲಿ ಏನು ಕಾಣುತ್ತದೆ ಎಂಬುದು. ದ್ರವದ ಮೂಲಕ ಹಾದ ತರಂಗ ಹೆಚ್ಚು ಕ್ಷೀಣಿಸುವುದಿಲ್ಲ, ಆದ್ದರಿಂದ ಸಿಸ್ಟ್‌ನ ಹಿಂದಿನ ಭಾಗ ಹೆಚ್ಚು ಬೆಳಗುತ್ತದೆ. ಕಲ್ಲು ತರಂಗವನ್ನು ತಡೆಯುತ್ತದೆ, ಆದ್ದರಿಂದ ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ. ಕರುಳಿನಲ್ಲಿರುವ ವಾಯು ಮತ್ತು ಪಕ್ಕೆಲುಬುಗಳು ತರಂಗವನ್ನು ಇನ್ನೂ ಕಠಿಣವಾಗಿ ತಡೆಯುತ್ತವೆ. ಅವುಗಳ ಹಿಂದೆ ಏನಿದೆಯೆಂದು ಯಂತ್ರಕ್ಕೆ ತಿಳಿಯುವ ದಾರಿಯೇ ಇಲ್ಲ. ಹೊಟ್ಟೆಯ ಕೊಬ್ಬು ದಪ್ಪವಾದಷ್ಟೂ ತರಂಗ ದುರ್ಬಲಗೊಂಡು ಆಳದ ಚಿತ್ರ ಮಸುಕಾಗುತ್ತದೆ. ಹಲವು ಗಂಟೆ ಉಪವಾಸವಿದ್ದು ಬರಲು ಹೇಳುವುದು ಇದಕ್ಕಾಗಿಯೇ: ಊಟವಾದ ಮೇಲೆ ಪಿತ್ತಕೋಶ ಕುಗ್ಗಿ ಅದರ ಗೋಡೆ ದಪ್ಪನಾಗಿ ಕಾಣುತ್ತದೆ, ಮೇಲು ಹೊಟ್ಟೆಯಲ್ಲಿ ವಾಯುವೂ ಹೆಚ್ಚುತ್ತದೆ.

ಈ ಕಾರಣದಿಂದ, ನನ್ನ ದೃಷ್ಟಿಯಲ್ಲಿ, ಇಡೀ ವರದಿಯಲ್ಲಿ ಅತ್ಯಂತ ಎಚ್ಚರದಿಂದ ಓದಬೇಕಾದದ್ದು ‘ವಾಯುವಿನ ಕಾರಣದಿಂದ ಸ್ಪಷ್ಟವಾಗಿ ಕಾಣಲಿಲ್ಲ’ ಎಂಬ ಸಾಲು. ಅದು ಸಾಮಾನ್ಯವಾಗಿ ವರದಿಯ ನಡುವೆ ಎಲ್ಲೋ ಇರುತ್ತದೆ, ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಬಿಟ್ಟುಹೋಗಿರುತ್ತದೆ. ಕಾಣಲಿಲ್ಲ ಎಂಬುದಕ್ಕೂ ದೋಷವಿಲ್ಲ ಎಂಬುದಕ್ಕೂ ಇರುವ ಅಂತರ ಬಹಳ ದೊಡ್ಡದು. ಕೆಲವು ವಾರಗಳಿಂದ ತೂಕ ಇಳಿಯುತ್ತಿರುವ, ಬೆನ್ನಿಗೆ ಹರಡುವ ಮೇಲುಹೊಟ್ಟೆಯ ನೋವಿರುವ, ಹೊಸದಾಗಿ ಮಧುಮೇಹ ಕಾಣಿಸಿಕೊಂಡಿರುವ ಅರವತ್ತು ದಾಟಿದ ವ್ಯಕ್ತಿಯ ವರದಿಯಲ್ಲಿ ಮೇದೋಜೀರಕ ಗ್ರಂಥಿ ಮರೆಯಾಗಿತ್ತು ಎಂದಿದ್ದರೆ, ಯಾವ ಅಂಗಕ್ಕಾಗಿ ಪರೀಕ್ಷೆ ಮುಖ್ಯವಾಗಿತ್ತೋ ಆ ಅಂಗದ ಪರೀಕ್ಷೆಯೇ ಆಗಿಲ್ಲವೆಂದು ತಿಳಿಯಬೇಕು. ಅದೇ ಸಾಲು ಯಾವ ತೊಂದರೆಯೂ ಇಲ್ಲದೆ ವಾರ್ಷಿಕ ತಪಾಸಣೆಗೆ ಬಂದ ಮೂವತ್ತರ ಯುವಕನ ವರದಿಯಲ್ಲಿದ್ದರೆ ಅದರ ತೂಕ ತೀರಾ ಕಡಿಮೆ. ಪರೀಕ್ಷೆಗೆ ಮುಂಚೆ ರೋಗದ ಸಂಭವ ಎಷ್ಟಿತ್ತು ಎಂಬುದನ್ನು ಬಿಟ್ಟು ಯಾವ ಚಿತ್ರಕ್ಕೂ ಅರ್ಥ ಹಚ್ಚಲಾಗದು. ವರದಿಗಳ ಕೊನೆಯಲ್ಲಿ ಬರುವ ‘ಕ್ಲಿನಿಕಲ್ ಕೋರಿಲೇಶನ್’ ಎಂಬ ಸಲಹೆಯನ್ನು ಔಪಚಾರಿಕ ಮಾತೆಂದು ಬದಿಗಿಡುವುದು ಸರಿಯಲ್ಲ. ರೋಗಿಯ ಲಕ್ಷಣ, ವಯಸ್ಸು, ರಕ್ತಪರೀಕ್ಷೆಗಳೊಂದಿಗೆ ಸೇರಿಸಿ ಓದದ ಹೊರತು ಈ ಚಿತ್ರ ಅರ್ಧ ಮಾತ್ರ ಎಂದು ಅದು ಹೇಳುತ್ತಿರುತ್ತದೆ.

ಲಿವರ್‌ನಿಂದ ಆರಂಭಿಸೋಣ, ಏಕೆಂದರೆ ಫ್ಯಾಟಿ ಲಿವರ್ ಎಂಬಷ್ಟು ಸಾಮಾನ್ಯವಾದ ಇನ್ನೊಂದು ಬರಹ ಈ ವರದಿಗಳಲ್ಲಿ ಇಲ್ಲ. ಕೊಬ್ಬು ಸೇರಿದ ಲಿವರ್ ಪಕ್ಕದ ಬಲಗಿಡ್ನಿಯ ಹೊರಪದರಕ್ಕಿಂತ ಹೆಚ್ಚು ಬೆಳ್ಳಗೆ ಕಾಣುತ್ತದೆ. ಕೊಬ್ಬು ಹೆಚ್ಚಾದಂತೆ ಒಳಗಿನ ರಕ್ತನಾಳಗಳ ಅಂಚುಗಳೂ ಆಳದ ಡಯಾಫ್ರಾಮ್ ಗೆರೆಯೂ ಮಸುಕಾಗುತ್ತವೆ. 1, 2, 3 ಎಂಬ ಗ್ರೇಡ್‌ಗಳು ಈ ಮಸುಕಿನ ಅಂದಾಜುಗಳು. ಕೊಬ್ಬು ಸ್ವಲ್ಪವೇ ಇದ್ದಾಗ ಅಲ್ಟ್ರಾಸೌಂಡ್ ಅದನ್ನು ತಪ್ಪಿಸಿಬಿಡಬಹುದು, ಒಬ್ಬ ತಜ್ಞರು 1 ಎಂದದ್ದನ್ನು ಇನ್ನೊಬ್ಬರು 2 ಎನ್ನಬಹುದು. ಇದಕ್ಕಿಂತ ಮುಖ್ಯವಾದ ಮಾತು ಎಂದರೆ, ಗ್ರೇಡ್ ಕೊಬ್ಬಿನ ಪ್ರಮಾಣವನ್ನು ಸೂಚಿಸುತ್ತದೆಯೇ ವಿನಾ ಲಿವರ್‌ಗೆ ಆದ ಹಾನಿಯನ್ನಲ್ಲ. ಮುಂದಿನ ವರ್ಷಗಳ ಅಪಾಯವನ್ನು ನಿರ್ಧರಿಸುವುದು ಫೈಬ್ರೋಸಿಸ್, ಅಂದರೆ ಲಿವರ್‌ನಲ್ಲಿ ನಾರಿನ ಕಲೆ ಎಷ್ಟು ಬೆಳೆದಿದೆ ಎಂಬುದು, ಮತ್ತು ಅದರ ಆರಂಭದ ಹಂತಗಳನ್ನು ಸಾಮಾನ್ಯ ಅಲ್ಟ್ರಾಸೌಂಡ್ ತೋರಿಸಲಾರದು.

ಹಾಗಾಗಿ ಫ್ಯಾಟಿ ಲಿವರ್ ಕಂಡಾಗ ಮುಂದಿನ ಹೆಜ್ಜೆ ಸಿ.ಟಿ.ಯೂ ಅಲ್ಲ, ಎಂ.ಆರ್.ಐ.ಯೂ ಅಲ್ಲ, ಒಂದು ಸರಳ ಲೆಕ್ಕ. ವಯಸ್ಸು, ಎ.ಎಸ್.ಟಿ., ಎ.ಎಲ್.ಟಿ. (ರಕ್ತದಲ್ಲಿ ಅಳೆಯುವ ಲಿವರ್ ಕಿಣ್ವಗಳು) ಮತ್ತು ಪ್ಲೇಟ್‌ಲೆಟ್ ಸಂಖ್ಯೆ ಎಂಬ ನಾಲ್ಕು ಅಂಶಗಳಿಂದ ಫಿಬ್-4 ಎಂಬ ಅಂಕವನ್ನು ಕಂಡುಕೊಳ್ಳುತ್ತಾರೆ. ಅದು 1.3ಕ್ಕಿಂತ ಕಡಿಮೆಯಿದ್ದರೆ ಮುಂದುವರಿದ ಫೈಬ್ರೋಸಿಸ್ ಇರುವ ಸಾಧ್ಯತೆ ಕಡಿಮೆ. 65 ದಾಟಿದವರಲ್ಲಿ ವಯಸ್ಸೇ ಅಂಕವನ್ನು ಏರಿಸುವುದರಿಂದ ಈ ಗಡಿಯನ್ನು 2.0 ಎಂದು ಇಟ್ಟುಕೊಳ್ಳುತ್ತಾರೆ. 2.67ಕ್ಕಿಂತ ಹೆಚ್ಚಿದ್ದರೆ ಲಿವರ್ ತಜ್ಞರನ್ನು ಕಾಣಬೇಕು. ನಡುವೆ ಇದ್ದರೆ ಎಲಾಸ್ಟೋಗ್ರಫಿ, ಅಂದರೆ ಲಿವರ್‌ನ ಬಿಗುವನ್ನು ಅಳೆಯುವ ಪರೀಕ್ಷೆ ಮಾಡಿಸುತ್ತಾರೆ. ಅದರಲ್ಲಿ 8 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಬಂದರೆ ಹೆಚ್ಚಿನ ಹಾನಿಯನ್ನು ಬಹುಮಟ್ಟಿಗೆ ತಳ್ಳಿಹಾಕಬಹುದು. ಪ್ರತಿ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸಿ ಗ್ರೇಡ್ ಇಳಿಯಿತೇ ಎಂದು ನೋಡುವುದಕ್ಕಿಂತ ಈ ಒಂದು ಲೆಕ್ಕ ಎಷ್ಟೋ ಪಾಲು ಹೆಚ್ಚು ತಿಳಿಸುತ್ತದೆ, ಆದರೂ ಇದನ್ನು ಕೇಳುವವರು ವಿರಳ ಎಂಬುದು ಬೇಸರದ ಸಂಗತಿ.

ಲಿವರ್‌ನಲ್ಲಿ ಗಡ್ಡೆಯಂಥದ್ದು ಕಂಡಾಗ ವಿಚಾರದ ಕ್ರಮ ಬೇರೆ. ತೆಳುಗೋಡೆಯ, ಒಳಗೆ ಪೂರ್ತಿ ಕಪ್ಪಾದ, ಹಿಂದೆ ಬೆಳಗುವ ಸರಳ ಸಿಸ್ಟ್‌ಗೆ ಮುಂದಿನ ಸ್ಕ್ಯಾನ್ ಬೇಡ, ಪುನರಾವರ್ತನೆಯೂ ಬೇಡ. ಗೋಡೆ ದಪ್ಪಗಿದ್ದರೆ, ಒಳಗೆ ಪರದೆಗಳಿದ್ದರೆ, ಘನ ಭಾಗವಿದ್ದರೆ ಅದು ಸರಳ ಸಿಸ್ಟ್ ಅಲ್ಲ. ಚಿಕ್ಕದಾಗಿ, ಸ್ಪಷ್ಟ ಅಂಚಿನಿಂದ, ಏಕರೂಪವಾಗಿ ಬೆಳ್ಳಗೆ ಕಾಣುವ ಗಂಟು ಹೆಚ್ಚಾಗಿ ಹೆಮಾಂಜಿಯೋಮಾ, ಅಂದರೆ ಸಣ್ಣ ರಕ್ತನಾಳಗಳ ನಿರುಪದ್ರವಿ ಗೋಜಲು. ಇಲ್ಲಿ ತೀರ್ಮಾನವನ್ನು ನಿರ್ಧರಿಸುವುದು ಚಿತ್ರಕ್ಕಿಂತ ಹೆಚ್ಚಾಗಿ ಆ ವ್ಯಕ್ತಿಯ ಹಿನ್ನೆಲೆ. ಕ್ಯಾನ್ಸರ್ ಇತಿಹಾಸವಿಲ್ಲದ, ಲಿವರ್ ಆರೋಗ್ಯವಾಗಿರುವ ವ್ಯಕ್ತಿಯಲ್ಲಿ ಇಂಥ ಮಾದರಿ ಚಿತ್ರ ಕಂಡರೆ ಅಲ್ಲಿಗೇ ನಿಲ್ಲಿಸಬಹುದು. ಅದೇ ಚಿತ್ರ ಹೆಪಟೈಟಿಸ್ ಬಿ ಅಥವಾ ಸಿರೋಸಿಸ್ (ನಾರಿನ ಕಲೆ ಬೆಳೆದು ಲಿವರ್ ಗಂಟುಗಟ್ಟಿದ ಸ್ಥಿತಿ) ಇರುವವರಲ್ಲಿ, ಅಥವಾ ಹಿಂದೆ ಕರುಳಿನ ಇಲ್ಲವೇ ಸ್ತನದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರಲ್ಲಿ ಕಂಡರೆ ಹೆಮಾಂಜಿಯೋಮಾ ಎಂದು ಊಹಿಸಿ ಬಿಡುವಂತಿಲ್ಲ. ಕಾಂಟ್ರಾಸ್ಟ್ (ರಕ್ತನಾಳಕ್ಕೆ ಚುಚ್ಚಿ ಚಿತ್ರವನ್ನು ಎದ್ದುಕಾಣಿಸುವ ದ್ರವ) ಸಹಿತ ಎಂ.ಆರ್.ಐ. ಅಥವಾ ಹಲವು ಹಂತಗಳ ಸಿ.ಟಿ. ಬೇಕು.

‘ಹಲವು ಹಂತ’ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಸಾಧಾರಣ ಸಿ.ಟಿ. ಮಾಡಿಸಿ, ಉತ್ತರ ಸಿಗದೆ ಮತ್ತೆ ಇನ್ನೊಂದು ಮಾಡಿಸಬೇಕಾಗುವುದು ಇಲ್ಲಿಯೇ. ಲಿವರ್‌ಗೆ ಹೆಚ್ಚಿನ ರಕ್ತ ಪೋರ್ಟಲ್ ಅಭಿಧಮನಿಯಿಂದ ಬರುತ್ತದೆ, ಆದರೆ ಲಿವರ್‌ನ ಮೂಲ ಕ್ಯಾನ್ಸರ್ ತನ್ನ ರಕ್ತವನ್ನು ಮುಖ್ಯವಾಗಿ ಅಪಧಮನಿಯಿಂದ ಪಡೆಯುತ್ತದೆ. ಕಾಂಟ್ರಾಸ್ಟ್ ದ್ರವ ಅಪಧಮನಿಯಲ್ಲಿರುವ ಕೆಲವೇ ಸೆಕೆಂಡುಗಳಲ್ಲಿ ಚಿತ್ರ ತೆಗೆದರೆ ಆ ಗಡ್ಡೆ ಸುತ್ತಲಿನ ಲಿವರ್‌ಗಿಂತ ಹೆಚ್ಚು ಬೆಳಗುತ್ತದೆ, ನಂತರದ ಹಂತದಲ್ಲಿ ಸುತ್ತಲಿನ ಭಾಗಕ್ಕಿಂತ ಬೇಗ ಮಸುಕಾಗುತ್ತದೆ. ಹೆಮಾಂಜಿಯೋಮಾ ಇದಕ್ಕೆ ವಿರುದ್ಧವಾಗಿ ಅಂಚಿನಿಂದ ತುಣುಕುತುಣುಕಾಗಿ ತುಂಬಿಕೊಳ್ಳುತ್ತ ನಿಧಾನವಾಗಿ ಒಳಕ್ಕೆ ಬೆಳಗುತ್ತ ಹೋಗುತ್ತದೆ. ಒಂದೇ ಹಂತದಲ್ಲಿ ತೆಗೆದ ಸಿ.ಟಿ.ಯಲ್ಲಿ ಈ ನಡೆ ಕಾಣುವುದೇ ಇಲ್ಲ. ಆದುದರಿಂದ ಕೋರಿಕೆಯಲ್ಲಿ ಬರೀ ‘ಹೊಟ್ಟೆಯ ಸಿ.ಟಿ.’ ಎಂದು ಬರೆಯದೆ, ಲಿವರ್‌ನ ಗಡ್ಡೆಯ ಸ್ವರೂಪ ತಿಳಿಯಬೇಕಾಗಿದೆ ಎಂದು ಬರೆಯಬೇಕು. ಸಿರೋಸಿಸ್ ಇರುವವರಿಗೆ ಪ್ರತಿ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪಾಸಣೆ ಮಾಡುವ ಪದ್ಧತಿಯಿದೆ. ಅದರಲ್ಲಿ 10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಹೊಸ ಗಂಟು ಕಂಡರೆ ಕೂಡಲೇ ಹಲವು ಹಂತಗಳ ಸಿ.ಟಿ. ಅಥವಾ ಎಂ.ಆರ್.ಐ., ಅದಕ್ಕಿಂತ ಚಿಕ್ಕದಾದರೆ ಮೂರರಿಂದ ಆರು ತಿಂಗಳೊಳಗೆ ಮರು ಅಲ್ಟ್ರಾಸೌಂಡ್. ಕುಗ್ಗಿ ಗಂಟುಗಟ್ಟಿದ ಲಿವರ್ ಅಲ್ಟ್ರಾಸೌಂಡ್‌ನಲ್ಲಿ ಸರಿಯಾಗಿ ಕಾಣುತ್ತಲೇ ಇಲ್ಲವೆಂದು ವರದಿ ಹೇಳಿದರೆ ತಪಾಸಣೆಯ ವಿಧಾನವನ್ನೇ ಬದಲಾಯಿಸುವ ಯೋಚನೆ ಮಾಡಬೇಕು.

ಪಿತ್ತಕೋಶದ ವಿಷಯದಲ್ಲಿ ಅಲ್ಟ್ರಾಸೌಂಡ್‌ಗೆ ಸಾಟಿಯಿಲ್ಲ. ಅಲ್ಲಿನ ಕಲ್ಲುಗಳನ್ನು ಅದು ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಸಂದರ್ಭಗಳಲ್ಲಿ ಹಿಡಿಯುತ್ತದೆ, ಸಿ.ಟಿ.ಯಲ್ಲಿ ಕೊಲೆಸ್ಟರಾಲ್ ಕಲ್ಲುಗಳು ಪಿತ್ತರಸದಷ್ಟೇ ಸಾಂದ್ರತೆಯಿಂದ ಕಂಡು ಮರೆಯಾಗಿಬಿಡಬಹುದು. ಅಂದರೆ ಅಲ್ಟ್ರಾಸೌಂಡ್‌ನಲ್ಲಿ ನೆರಳು ಬೀರುವ, ಮಗ್ಗುಲು ಬದಲಿಸಿದಾಗ ಉರುಳುವ ಕಲ್ಲು ಕಂಡ ಮೇಲೆ ಅದನ್ನು ‘ಖಚಿತಪಡಿಸಿಕೊಳ್ಳಲು’ ಸಿ.ಟಿ. ಮಾಡಿಸುವುದು ಹೆಚ್ಚು ತಿಳಿಯುವ ಪರೀಕ್ಷೆಯಿಂದ ಕಡಿಮೆ ತಿಳಿಯುವ ಪರೀಕ್ಷೆಗೆ ಹೋದಂತೆ. ಯಾವ ನೋವನ್ನೂ ಕೊಡದ ಕಲ್ಲಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೂ ಬೇಕಿಲ್ಲ. ಗೋಡೆಯ ದಪ್ಪ 3 ಮಿ.ಮೀ. ಮೀರಿದೆ ಎಂಬ ಒಂದೇ ಮಾತಿನಿಂದ ಪಿತ್ತಕೋಶದ ಉರಿಯೂತ ಎಂದು ತೀರ್ಮಾನಿಸುವುದೂ ತಪ್ಪು: ಹೆಪಟೈಟಿಸ್, ಹೃದಯದ ವೈಫಲ್ಯ, ಹೊಟ್ಟೆಯಲ್ಲಿ ನೀರು, ರಕ್ತದಲ್ಲಿ ಆಲ್ಬುಮಿನ್ ಕೊರತೆ, ಡೆಂಗಿ ಜ್ವರ, ಇವೆಲ್ಲವೂ ಆ ಗೋಡೆಯನ್ನು ದಪ್ಪವಾಗಿಸುತ್ತವೆ. ಕಲ್ಲು ಇದ್ದು, ಪ್ರೋಬ್‌ನಿಂದ ನೇರವಾಗಿ ಪಿತ್ತಕೋಶದ ಮೇಲೆ ಒತ್ತಿದಾಗ ಅಲ್ಲಿಯೇ ತೀವ್ರ ನೋವಾಗಿ, ಜ್ವರವೂ ಬಿಳಿ ರಕ್ತಕಣಗಳ ಏರಿಕೆಯೂ ಕೂಡಿಕೊಂಡರೆ ಮಾತು ಬೇರೆ. ಆಗಲೂ ಸಂದೇಹ ಉಳಿದರೆ, ಪಿತ್ತಕೋಶದ ನಾಳ ಮುಚ್ಚಿದೆಯೇ ಎಂದು ಹೇಳಬಲ್ಲ ಹೈಡಾ ಎಂಬ ನ್ಯೂಕ್ಲಿಯರ್ ಸ್ಕ್ಯಾನ್ ಇದೆ.

ಪಾಲಿಪ್ ಎಂಬ ಹೆಸರು ಹೆದರಿಸುತ್ತದೆ, ಆದರೆ ಹೆಚ್ಚಿನವು ಗೋಡೆಗೆ ಅಂಟಿದ ಕೊಲೆಸ್ಟರಾಲ್ ಹರಳುಗಳು. ಯುರೋಪಿನ ತಜ್ಞ ಸಂಘಗಳು ಜಂಟಿಯಾಗಿ 2017ರಲ್ಲಿ ಹೊರಡಿಸಿ 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಇಲ್ಲಿ ಉಪಯುಕ್ತ. 10 ಮಿ.ಮೀ. ಅಥವಾ ಮೇಲಿದ್ದರೆ ಪಿತ್ತಕೋಶ ತೆಗೆಸುವ ಸಲಹೆ. 6ರಿಂದ 9 ಮಿ.ಮೀ. ಇದ್ದು, ವಯಸ್ಸು 60 ಮೀರಿದ್ದರೆ, ಸ್ಕ್ಲಿರೋಸಿಂಗ್ ಕೋಲಾಂಜೈಟಿಸ್ (ಪಿತ್ತನಾಳಗಳು ಕಲೆಗಟ್ಟಿ ಕಿರಿದಾಗುವ ರೋಗ) ಇದ್ದರೆ, ಏಷ್ಯಾ ಮೂಲದವರಾಗಿದ್ದರೆ, ಅಥವಾ ಪಾಲಿಪ್‌ಗೆ ತೊಟ್ಟಿಲ್ಲದೆ ಅಗಲ ಬುಡವಿದ್ದರೆ ಆಗಲೂ ತೆಗೆಸುವ ಸಲಹೆ. ಈ ಅಪಾಯಾಂಶಗಳಿಲ್ಲದ 6ರಿಂದ 9 ಮಿ.ಮೀ. ಪಾಲಿಪ್‌ಗೂ, ಅಪಾಯಾಂಶವಿರುವ 5 ಮಿ.ಮೀ. ಒಳಗಿನದಕ್ಕೂ ಆರು ತಿಂಗಳು, ಒಂದು ವರ್ಷ, ಎರಡು ವರ್ಷಗಳಲ್ಲಿ ಅಲ್ಟ್ರಾಸೌಂಡ್. ಅಪಾಯಾಂಶವಿಲ್ಲದ 5 ಮಿ.ಮೀ. ಮತ್ತು ಕೆಳಗಿನದಕ್ಕೆ ಏನೂ ಬೇಡ. ಎರಡು ವರ್ಷಗಳಲ್ಲಿ ಬೆಳೆಯದಿದ್ದರೆ ತಪಾಸಣೆ ನಿಲ್ಲಿಸಬಹುದು ಎಂಬುದನ್ನು ಗಮನಿಸಿ. ಜೀವನಪರ್ಯಂತ ವರ್ಷಕ್ಕೊಂದು ಸ್ಕ್ಯಾನ್ ಎಂಬುದಕ್ಕೆ ಈ ಮಾರ್ಗಸೂಚಿಯ ಬೆಂಬಲವಿಲ್ಲ.

ಪಿತ್ತಕೋಶದಲ್ಲಿ ಇಷ್ಟು ನಿಖರವಾದ ಅಲ್ಟ್ರಾಸೌಂಡ್ ಕೆಲವೇ ಸೆಂಟಿಮೀಟರ್ ಆಚೆ, ಮುಖ್ಯ ಪಿತ್ತನಾಳದ ಕೆಳತುದಿಯಲ್ಲಿ ಸೋಲುತ್ತದೆ, ಏಕೆಂದರೆ ಆ ಭಾಗವನ್ನು ಡ್ಯುವೋಡಿನಮ್‌ನ (ಸಣ್ಣ ಕರುಳಿನ ಮೊದಲ ಭಾಗದ) ವಾಯು ಮುಚ್ಚಿರುತ್ತದೆ. ನಾಳದಲ್ಲಿರುವ ಕಲ್ಲುಗಳಲ್ಲಿ ಗಣನೀಯ ಪಾಲು ಅದರ ಕಣ್ಣಿಗೆ ಬೀಳುವುದಿಲ್ಲ. ಆದರೆ ನಾಳ ಹಿಗ್ಗಿರುವುದನ್ನು ಅದು ತೋರಿಸಬಲ್ಲದು. ಸಾಮಾನ್ಯ ಅಗಲ 6 ಮಿ.ಮೀ. ಒಳಗೆ; ವಯಸ್ಸಾದಂತೆ ತುಸು ಹೆಚ್ಚುತ್ತದೆ, ಪಿತ್ತಕೋಶ ತೆಗೆಸಿದವರಲ್ಲಿ 10 ಮಿ.ಮೀ. ತನಕವೂ ಸಹಜವಿರಬಹುದು. ನಾಳ ಹಿಗ್ಗಿದ್ದು ರಕ್ತದಲ್ಲಿ ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್ ಏರಿದ್ದರೆ ಮುಂದಿನ ಪರೀಕ್ಷೆ ಎಂ.ಆರ್.ಸಿ.ಪಿ., ಅಂದರೆ ಪಿತ್ತ ಮತ್ತು ಮೇದೋಜೀರಕ ನಾಳಗಳ ಎಂ.ಆರ್.ಐ. ಇದರಲ್ಲಿ ವಿಕಿರಣವಿಲ್ಲ, ಕಾಂಟ್ರಾಸ್ಟ್ ಚುಚ್ಚುವುದೂ ಬೇಡ, ನಾಳದೊಳಗಿನ ದ್ರವವೇ ಚಿತ್ರವಾಗಿ ಮೂಡುತ್ತದೆ. ತೀರಾ ಚಿಕ್ಕ ಕಲ್ಲುಗಳ ಸಂದೇಹಕ್ಕೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಬಾಯಿಯ ಮೂಲಕ ಇಳಿಸಿದ ಕೊಳವೆಯ ತುದಿಯಿಂದ ಮಾಡುವ ಅಲ್ಟ್ರಾಸೌಂಡ್) ಇನ್ನೂ ಸೂಕ್ಷ್ಮ. ಎಂಡೋಸ್ಕೋಪ್ ಕೊಳವೆಯಿಂದ ನೇರವಾಗಿ ಪಿತ್ತನಾಳದೊಳಗೆ ಹೋಗುವ ಇ.ಆರ್.ಸಿ.ಪಿ.ಯನ್ನು ಮಾತ್ರ ‘ನೋಡುವ’ ಸಲುವಾಗಿ ಮಾಡಬಾರದು. ಅದರಿಂದಲೇ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಬರುವ ಅಪಾಯವಿರುವುದರಿಂದ ಕಲ್ಲು ತೆಗೆಯುವ ಅಥವಾ ಸ್ಟೆಂಟ್ ಹಾಕುವ ಕೆಲಸ ಇದೆಯೆಂದು ಗೊತ್ತಾದ ಮೇಲೆಯೇ ಅದು ಸಲ್ಲುತ್ತದೆ.

ಮೇದೋಜೀರಕ ಗ್ರಂಥಿಯ ಬಗ್ಗೆ ಆಗಲೇ ಒಂದು ಮಾತು ಬಂದಿದೆ. ಅದರ ಸಂದೇಹವಿದ್ದಾಗ ಅಲ್ಟ್ರಾಸೌಂಡ್‌ನ ಮೌನವನ್ನು ನಂಬಬಾರದು. ಗಡ್ಡೆಯ ಅನುಮಾನಕ್ಕೆ ಆ ಗ್ರಂಥಿಗೆಂದೇ ಸಮಯ ಹೊಂದಿಸಿದ ಕಾಂಟ್ರಾಸ್ಟ್ ಸಿ.ಟಿ., ಸಿಸ್ಟ್ ಕಂಡಿದ್ದರೆ ಅದು ನಾಳಕ್ಕೆ ಕೂಡಿಕೊಂಡಿದೆಯೇ ಎಂದು ತಿಳಿಯಲು ಎಂ.ಆರ್.ಐ. ಜೊತೆಗೆ ಎಂ.ಆರ್.ಸಿ.ಪಿ. ಪಿತ್ತನಾಳ ಮತ್ತು ಮೇದೋಜೀರಕ ಗ್ರಂಥಿಯ ನಾಳ ಎರಡೂ ಒಟ್ಟಿಗೆ ಹಿಗ್ಗಿವೆ ಎಂದು ಅಲ್ಟ್ರಾಸೌಂಡ್ ಹೇಳಿದರೆ ಅದನ್ನು ತುರ್ತಿನ ಸೂಚನೆಯೆಂದೇ ಓದಬೇಕು, ಏಕೆಂದರೆ ಗ್ರಂಥಿಯ ತಲೆಭಾಗದ ಗಡ್ಡೆ ಹೀಗೆಯೇ ಮೊದಲು ತೋರಿಕೊಳ್ಳಬಹುದು. ತೀವ್ರ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಇದಕ್ಕೆ ತಿರುವುಮುರುವು. ವಿಶಿಷ್ಟ ನೋವು ಇದ್ದು ರಕ್ತದಲ್ಲಿ ಲೈಪೇಸ್ ಎಂಬ ಕಿಣ್ವ ಸಾಮಾನ್ಯದ ಮೂರು ಪಟ್ಟಿಗಿಂತ ಹೆಚ್ಚಿದ್ದರೆ ರೋಗನಿರ್ಣಯ ಮುಗಿಯಿತು. ಆಗ ಅಲ್ಟ್ರಾಸೌಂಡ್ ಮಾಡುವುದು ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ತಿಳಿಯಲು. ಗ್ರಂಥಿಯ ಎಷ್ಟು ಭಾಗ ಸತ್ತಿದೆ ಎಂಬುದು ಮೊದಲ ಮೂರು ದಿನಗಳೊಳಗೆ ಸಿ.ಟಿ.ಯಲ್ಲೂ ಸರಿಯಾಗಿ ತಿಳಿಯುವುದಿಲ್ಲವಾದ್ದರಿಂದ, ನಿರ್ಣಯ ಸ್ಪಷ್ಟವಿದ್ದಾಗ ಮೊದಲ ದಿನವೇ ಸಿ.ಟಿ. ಮಾಡಿಸುವುದರಿಂದ ಹೆಚ್ಚಿನ ಲಾಭವಿಲ್ಲ.

ಕಿಡ್ನಿಯ ಸಿಸ್ಟ್‌ಗಳು ವಯಸ್ಸಾದಂತೆ ತಾವಾಗಿಯೇ ಬರುವಂಥವು, ಸರಳವಾಗಿದ್ದರೆ ಅವುಗಳ ಸಂಖ್ಯೆ ಮತ್ತು ಗಾತ್ರಕ್ಕೆ ಹೆಚ್ಚು ಬೆಲೆಯಿಲ್ಲ. ಒಳಪರದೆ, ಸುಣ್ಣದ ಗಟ್ಟಿತನ, ಘನಭಾಗ ಇವುಗಳಲ್ಲಿ ಯಾವುದಾದರೂ ಇದ್ದರೆ ಸಿಸ್ಟ್ ಕ್ಯಾನ್ಸರ್ ಆಗಿರುವ ಸಂಭವವನ್ನು ಅಂದಾಜಿಸುವ ಬೋಸ್ನಿಯಾಕ್ ವರ್ಗೀಕರಣ ಬೇಕಾಗುತ್ತದೆ. ಮಾರ್ಟನ್ ಬೋಸ್ನಿಯಾಕ್ 1986ರಲ್ಲಿ ಸಿ.ಟಿ. ಆಧಾರದ ಮೇಲೆ ರೂಪಿಸಿದ ಈ ಕ್ರಮವನ್ನು 2019ರ ಪರಿಷ್ಕರಣೆಯಲ್ಲಿ ಎಂ.ಆರ್.ಐ.ಗೂ ವಿಸ್ತರಿಸಿದರು. ಸಾಧಾರಣ ಅಲ್ಟ್ರಾಸೌಂಡ್‌ನಿಂದ ಈ ವರ್ಗವನ್ನು ಖಚಿತವಾಗಿ ಕೊಡಲಾಗದು, ಆದ್ದರಿಂದ ಅಂಥ ಸಿಸ್ಟ್‌ಗೆ ಕಾಂಟ್ರಾಸ್ಟ್ ಕೊಡುವ ಮೊದಲು ಮತ್ತು ನಂತರ ತೆಗೆದ ಸಿ.ಟಿ. ಅಥವಾ ಎಂ.ಆರ್.ಐ. ಬೇಕು. ಘನವಾದ ಗಡ್ಡೆಗೂ ಇದೇ ದಾರಿ. ಕಿಡ್ನಿಯಲ್ಲಿ ತೀರಾ ಬೆಳ್ಳಗೆ ಹೊಳೆಯುವ ಗಂಟನ್ನು ಆಂಜಿಯೋಮಯೋಲಿಪೋಮಾ ಎಂಬ ನಿರುಪದ್ರವಿ ಕೊಬ್ಬಿನ ಗಡ್ಡೆಯೆಂದು ಬರೆಯುವ ರೂಢಿಯಿದೆ, ಆದರೆ ಚಿಕ್ಕ ಕ್ಯಾನ್ಸರ್ ಗಡ್ಡೆಗಳಲ್ಲಿ ಕೆಲವು ಹಾಗೆಯೇ ಹೊಳೆಯುತ್ತವೆ. ಒಮ್ಮೆ ಸಿ.ಟಿ. ಅಥವಾ ಎಂ.ಆರ್.ಐ.ಯಲ್ಲಿ ಒಳಗೆ ಕೊಬ್ಬಿದೆ ಎಂದು ನೋಡಿಕೊಳ್ಳುವುದು ಸುರಕ್ಷಿತ.

ಕಿಡ್ನಿ ‘ಬೆಳ್ಳಗಾಗಿದೆ’, ಅಂದರೆ ಹೊರಪದರದ ಪ್ರತಿಧ್ವನಿ ಹೆಚ್ಚಿದೆ ಎಂಬ ಬರಹಕ್ಕೆ ಮುಂದಿನ ಪರೀಕ್ಷೆ ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿನ ಆಲ್ಬುಮಿನ್. ಇನ್ನೊಂದು ಸ್ಕ್ಯಾನ್‌ನಿಂದ ಏನೂ ದಕ್ಕುವುದಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಬಿಳುಪನ್ನು ಅಳೆಯುವುದು ಪಕ್ಕದ ಲಿವರ್‌ಗೆ ಹೋಲಿಸಿ, ಲಿವರ್‌ನಲ್ಲೇ ಕೊಬ್ಬು ತುಂಬಿ ಬೆಳ್ಳಗಾಗಿದ್ದರೆ ರೋಗಗ್ರಸ್ತ ಕಿಡ್ನಿಯೂ ಸಹಜವೆಂಬಂತೆ ಕಂಡುಬಿಡುತ್ತದೆ. ಕಿಡ್ನಿಯಲ್ಲಿ ಸಣ್ಣ ಪ್ರಮಾಣದ ಊತ, ಅಂದರೆ ಹೈಡ್ರೋನೆಫ್ರೋಸಿಸ್ ಕಂಡಾಗ ಮೂತ್ರಕೋಶ ಎಷ್ಟು ತುಂಬಿತ್ತು ಎಂದು ಕೇಳಬೇಕು. ಮೂತ್ರ ವಿಸರ್ಜಿಸಿದ ಮೇಲೆ ಮತ್ತೆ ನೋಡಿದರೆ ಊತ ಮಾಯವಾಗಿರುವುದುಂಟು. ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ತೀವ್ರ ನೋವಿದ್ದು ಅಲ್ಟ್ರಾಸೌಂಡ್‌ನಲ್ಲಿ ಕಲ್ಲು ಕಾಣದಿದ್ದರೆ ಮೂತ್ರನಾಳದ ನಡುಭಾಗದಲ್ಲಿ ಅದು ಅಡಗಿರಬಹುದು. ಅಲ್ಲಿ ಕಡಿಮೆ ವಿಕಿರಣದ, ಕಾಂಟ್ರಾಸ್ಟ್ ರಹಿತ ಸಿ.ಟಿ. ಬಹುತೇಕ ಎಲ್ಲ ಕಲ್ಲುಗಳನ್ನೂ ತೋರಿಸುತ್ತದೆ, ಗಾತ್ರವನ್ನೂ ಹೆಚ್ಚು ನಿಖರವಾಗಿ ಹೇಳುತ್ತದೆ. ಅಲ್ಟ್ರಾಸೌಂಡ್ ಸಣ್ಣ ಕಲ್ಲುಗಳನ್ನು ಇದ್ದುದಕ್ಕಿಂತ ದೊಡ್ಡದಾಗಿ ತೋರಿಸುವ ಗುಣ ಹೊಂದಿದೆ. ಜ್ವರ ಕೂಡಿದ ಹೈಡ್ರೋನೆಫ್ರೋಸಿಸ್ ಮಾತ್ರ ತುರ್ತು ಸ್ಥಿತಿ. ಅಲ್ಲಿ ಮೂತ್ರದ ತಡೆಯನ್ನು ಬಿಡಿಸುವ ಕ್ರಮ ತಡವಾಗಬಾರದು.

ಗುಲ್ಮ 12–13 ಸೆಂ.ಮೀ. ದಾಟಿದ್ದರೆ ಕಾರಣವನ್ನು ರಕ್ತದಲ್ಲಿ, ಲಿವರ್‌ನಲ್ಲಿ, ಮಲೇರಿಯಾದಂಥ ಸೋಂಕಿನಲ್ಲಿ ಹುಡುಕಬೇಕು. ಎತ್ತರದವರಲ್ಲಿ ಅದು ತುಸು ದೊಡ್ಡದಿರುವುದು ಸಹಜ. ಮಹಾಪಧಮನಿ 3 ಸೆಂ.ಮೀ. ಅಥವಾ ಹೆಚ್ಚು ಅಗಲವಾಗಿದ್ದರೆ ಅದು ಅನ್ಯೂರಿಸಮ್ (ರಕ್ತನಾಳದ ಉಬ್ಬು), ಅದನ್ನು ಅಲ್ಟ್ರಾಸೌಂಡ್‌ನಿಂದಲೇ ನಿಗದಿತ ಅಂತರಗಳಲ್ಲಿ ಅಳೆಯುತ್ತ ಹೋಗುತ್ತಾರೆ, ಗಂಡಸರಲ್ಲಿ 5.5 ಸೆಂ.ಮೀ. ತಲುಪಿದಾಗ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಆದರೆ ಅದು ಒಡೆಯುತ್ತಿದೆಯೇ ಎಂಬ ಸಂದೇಹಕ್ಕೆ ಅಲ್ಟ್ರಾಸೌಂಡ್ ಉತ್ತರ ಕೊಡಲಾರದು, ಅದಕ್ಕೆ ಸಿ.ಟಿ. ಆಂಜಿಯೋಗ್ರಫಿ ಬೇಕು. ಹೊಟ್ಟೆಯಲ್ಲಿ ಹೊಸದಾಗಿ ನೀರು ತುಂಬಿರುವುದು ಕಂಡರೆ ಎಲ್ಲಕ್ಕಿಂತ ಮೊದಲು ಆ ನೀರನ್ನೇ ಸೂಜಿಯಿಂದ ತೆಗೆದು ಪರೀಕ್ಷಿಸಬೇಕು.

ಬಲಗೆಳಹೊಟ್ಟೆಯ ನೋವಿನಲ್ಲಿ ಅಪೆಂಡಿಕ್ಸ್ 6 ಮಿ.ಮೀ. ಮೀರಿ ದಪ್ಪವಾಗಿ, ಒತ್ತಿದರೂ ಕುಗ್ಗದೆ ಕಂಡರೆ ಉತ್ತರ ಸಿಕ್ಕಂತೆ. ಕಾಣಲೇ ಇಲ್ಲವೆಂದರೆ, ಉರಿಯೂತವಿಲ್ಲ ಎಂದು ಅರ್ಥವಲ್ಲ. ವಯಸ್ಕರಲ್ಲಿ ಮುಂದಿನದು ಕಾಂಟ್ರಾಸ್ಟ್ ಸಿ.ಟಿ.; ಮಕ್ಕಳಲ್ಲಿ ಕೆಲವು ಗಂಟೆ ಗಮನಿಸಿ ಮರು ಅಲ್ಟ್ರಾಸೌಂಡ್ ಮಾಡುವುದೂ ಒಳ್ಳೆಯ ಆಯ್ಕೆ; ಗರ್ಭಿಣಿಯರಲ್ಲಿ ಗ್ಯಾಡೋಲಿನಿಯಮ್ (ಎಂ.ಆರ್.ಐ.ಯ ಕಾಂಟ್ರಾಸ್ಟ್) ಬಳಸದ ಎಂ.ಆರ್.ಐ. ಋತುಬಂಧ ಇನ್ನೂ ಆಗದ ಮಹಿಳೆಯ ಅಂಡಾಶಯದಲ್ಲಿ ಕಾಣುವ 3 ಸೆಂ.ಮೀ. ಒಳಗಿನ ಸರಳ ಸಿಸ್ಟ್ ಅಂಡ ಬೆಳೆಯುವ ಸಹಜ ಕೋಶ, ಅದನ್ನು ರೋಗವೆಂದು ಕರೆಯಲೂಬಾರದು. ಒಳಗೆ ರಕ್ತ ಸೇರಿದಂತೆ ಕಾಣುವ ದೊಡ್ಡ ಸಿಸ್ಟ್ ಎರಡು-ಮೂರು ತಿಂಗಳಲ್ಲಿ ಕರಗುತ್ತದೆಯೇ ಎಂದು ನೋಡಬೇಕು. ಘನಭಾಗವಿದ್ದರೆ ಎಂ.ಆರ್.ಐ. ಅಂಡಾಶಯಕ್ಕೆ ಸಿ.ಟಿ. ಮೊದಲ ಆಯ್ಕೆಯಲ್ಲ.

ಸಿ.ಟಿ. ಮತ್ತು ಎಂ.ಆರ್.ಐ. ನಡುವಿನ ಆಯ್ಕೆ ಹೀಗೆ ಅಂಗದಿಂದ ಅಂಗಕ್ಕೆ ಬದಲಾಗುತ್ತದೆ, ಅದರ ಜೊತೆಗೆ ವ್ಯಕ್ತಿಯಿಂದ ವ್ಯಕ್ತಿಗೂ ಬದಲಾಗುತ್ತದೆ. ಸಿ.ಟಿ. ವೇಗದ್ದು, ತುರ್ತಿನಲ್ಲಿ, ಕರುಳು ತೂತಾದ ಅಥವಾ ಕಟ್ಟಿಕೊಂಡ ಸಂದೇಹದಲ್ಲಿ, ಅಪಘಾತದಲ್ಲಿ ಅದನ್ನು ಮೀರಿದ್ದು ಇಲ್ಲ. ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಒಂದು ಹಂತದ ಸಿ.ಟಿ.ಯ ವಿಕಿರಣ ಸುಮಾರು 8ರಿಂದ 10 ಮಿಲಿಸೀವರ್ಟ್. ನಿಸರ್ಗದಿಂದ ಮನುಷ್ಯನಿಗೆ ವರ್ಷಕ್ಕೆ ಸಿಗುವ ವಿಕಿರಣದ ಜಾಗತಿಕ ಸರಾಸರಿ ಸುಮಾರು 2.4. ಹಂತಗಳು ಹೆಚ್ಚಿದಷ್ಟೂ ಈ ಮೊತ್ತ ಏರುತ್ತದೆ. ಅಗತ್ಯವಿದ್ದಾಗ ಈ ಸಂಖ್ಯೆಗೆ ಹೆದರಿ ಸಿ.ಟಿ. ಬಿಡುವುದು ಅವಿವೇಕ, ಆದರೆ ಇಪ್ಪತ್ತರ ಹರೆಯದವರ ನಿರುಪದ್ರವಿ ಸಿಸ್ಟ್‌ಗಾಗಿ ಮತ್ತೆ ಮತ್ತೆ ಮಾಡಿಸುವುದೂ ಸರಿಯಲ್ಲ. ಅಯೋಡಿನ್ ಕಾಂಟ್ರಾಸ್ಟ್‌ನ ವಿಷಯದಲ್ಲಿ ಕಿಡ್ನಿಯ ಇ.ಜಿ.ಎಫ್.ಆರ್. (ರಕ್ತ ಸೋಸುವ ಸಾಮರ್ಥ್ಯದ ಅಂದಾಜು) 30ಕ್ಕಿಂತ ಕೆಳಗಿದ್ದರೆ, ಹಿಂದೆ ಅಲರ್ಜಿ ಆಗಿದ್ದರೆ ಎಚ್ಚರ ಬೇಕು. ಕಿಡ್ನಿಯ ಸಾಮರ್ಥ್ಯ ಅಷ್ಟು ಕುಗ್ಗಿದವರು ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಔಷಧ ಸೇವಿಸುತ್ತಿದ್ದರೆ ಅದನ್ನು 48 ಗಂಟೆ ನಿಲ್ಲಿಸಲು ಹೇಳುತ್ತಾರೆ. ಎಂ.ಆರ್.ಐ.ಯಲ್ಲಿ ವಿಕಿರಣವಿಲ್ಲ, ಆದರೆ ಮುಕ್ಕಾಲು ಗಂಟೆಯ ತನಕ ಅಲುಗದೆ ಮಲಗಬೇಕು, ಹೇಳಿದಾಗಲೆಲ್ಲ ಉಸಿರು ಹಿಡಿಯಬೇಕು. ಉಸಿರು ಹಿಡಿಯಲಾಗದ ರೋಗಿಯ ಎಂ.ಆರ್.ಐ. ಚಿತ್ರಗಳು ಮಸುಕಾಗಿ ಯಾವ ಸಂದೇಹವನ್ನೂ ತೀರಿಸದಿರಬಹುದು, ಅಂಥವರಿಗೆ ಸಿ.ಟಿ.ಯೇ ಮೇಲು. ಪೇಸ್‌ಮೇಕರ್, ಕಾಕ್ಲಿಯರ್ ಇಂಪ್ಲಾಂಟ್ ಇದ್ದರೆ ಮುಂಚೆಯೇ ತಿಳಿಸಬೇಕು. ಎರಡೂ ಬಗೆಯ ಕಾಂಟ್ರಾಸ್ಟ್ ಕಷ್ಟವಾದಾಗ ಸೂಕ್ಷ್ಮ ಅನಿಲಗುಳ್ಳೆಗಳನ್ನು ರಕ್ತಕ್ಕೆ ಬಿಟ್ಟು ಮಾಡುವ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಲಭ್ಯವಿರುವೆಡೆ ನೆರವಾಗುತ್ತದೆ. ಆ ಅನಿಲ ಉಸಿರಿನ ಮೂಲಕ ಹೊರಹೋಗುವುದರಿಂದ ಕಿಡ್ನಿಗೆ ಹೊರೆಯಿಲ್ಲ.

ಕೆಲವೊಮ್ಮೆ ಅತ್ಯುತ್ತಮ ಮುಂದಿನ ಪರೀಕ್ಷೆ ಅದೇ ಅಲ್ಟ್ರಾಸೌಂಡ್, ಆದರೆ ಸರಿಯಾದ ಸಿದ್ಧತೆಯೊಂದಿಗೆ: ಉಪವಾಸವಿದ್ದು, ಮಗ್ಗುಲು ಬದಲಿಸಿ, ಮೂತ್ರಕೋಶ ಖಾಲಿಯಿದ್ದಾಗ ಅಥವಾ ತುಂಬಿದ್ದಾಗ, ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸೇರಿಸಿ. ಯಾವ ಸ್ಕ್ಯಾನ್ ಆದರೂ ಕೋರಿಕೆ ಪತ್ರದಲ್ಲಿ ಮೂರು ವಿಷಯಗಳಿರಬೇಕು: ರೋಗಿಯ ತೊಂದರೆ ಏನು, ಅಲ್ಟ್ರಾಸೌಂಡ್‌ನಲ್ಲಿ ಯಾವ ಜಾಗದಲ್ಲಿ ಎಷ್ಟು ಗಾತ್ರದ ಏನು ಕಂಡಿತು, ಈಗ ಯಾವ ಪ್ರಶ್ನೆಗೆ ಉತ್ತರ ಬೇಕು. ಹಳೆಯ ವರದಿಗಳ ಕಾಗದದ ಜೊತೆಗೆ ಹಳೆಯ ಚಿತ್ರಗಳನ್ನೂ ಒಯ್ಯುವುದು ಒಳಿತು. ಈಗ ಅಲ್ಟ್ರಾಸೌಂಡ್‌ನಲ್ಲಿ ಹೊಸದೆಂಬಂತೆ ಕಂಡ ಗಂಟು ಕೆಲವು ವರ್ಷಗಳ ಹಿಂದೆ ಬೇರೆ ಕಾರಣಕ್ಕೆ ತೆಗೆದ ಸಿ.ಟಿ.ಯಲ್ಲಿ ಅದೇ ಜಾಗದಲ್ಲಿ ಅದೇ ಗಾತ್ರದಲ್ಲಿ ಇದ್ದರೆ, ಎಂ.ಆರ್.ಐ.ಗೆ ಹೆಸರು ಬರೆಸುವ ಮೊದಲು ಆ ಡಿಸ್ಕ್ ನೋಡಿದ ರೇಡಿಯಾಲಜಿಸ್ಟ್ ಅದು ಬೇಕೇ ಬೇಡವೇ ಎಂದು ಹೇಳಬಲ್ಲರು.